ಹೊಳಬಸಪ್ಪನ ಹಡಗು ಮತ್ತು ಗೋಡೆಯ ಮೇಲಿನ ಗೀಟು

ಹೊಳಬಸಪ್ಪನ ಮುಂದೆ ಯಾರು ಏನು ಬೇಕಾದರೂ ಮಾತಾಡಬಹುದಿತ್ತು. ಅವನ ಬೊಕ್ಕತಲೆಯನ್ನು ಆಡಿಕೊಳ್ಳಬಹುದಿತ್ತು, ಅವನು ಮೂವತ್ತು ವರ್ಷ ಮಾಡಿದ ಸರ್ಕಾರಿ ನೌಕರಿಯನ್ನು ಆಡಿಕೊಳ್ಳಬಹುದಿತ್ತು, ಹೆಂಡತಿಯ ತವರಿನವರನ್ನು ಆಡಿಕೊಂಡರಂತೂ ತಾನೂ ಎರಡು ಮಾತು ಸೇರಿಸುತ್ತಿದ್ದ. ಆದರೆ ಅವನ ಪಡಸಾಲೆಯ ಮೇಜಿನ ಮೇಲೆ ನಿಂತಿದ್ದ ಆ ಕಟ್ಟಿಗೆಯ ಹಡಗನ್ನು ಯಾರಾದರೂ ‘ಆಟಿಗಿ ಸಾಮಾನು’ ಅಂದರೆ ಮುಗಿಯಿತು. ಅಂದವರು ಬೀಗರೇ ಇರಲಿ, ಮಠದ ಅಯ್ನೋರೇ ಇರಲಿ, ಕುಡಿಯುತ್ತಿದ್ದ ಚಹದ ಬಟ್ಟಲನ್ನು ಅರ್ಧಕ್ಕೇ ಕಸಿದು ಅವರನ್ನು ಹೊರಗೆ ಕಳಿಸುತ್ತಿದ್ದ. ಹೀಗೆ ಎರಡು ವರ್ಷದಲ್ಲಿ ಹನ್ನೊಂದು ಜನ ಅವನ ಮನೆಗೆ ಬರುವುದನ್ನು ಬಿಟ್ಟಿದ್ದರು.

ಊರು ಬೀಳಗಿ ತಾಲ್ಲೂಕಿನದು, ಅನಗವಾಡಿಯಿಂದ ಆಚೆ, ಕೃಷ್ಣೆಯ ಹಿನ್ನೀರಿಗೆ ಹತ್ತಿಕೊಂಡೇ ಇರುವಂಥದ್ದು. ಹೆಸರು ಹೇಳುವುದು ಬೇಡ. ಹೇಳಿದರೆ ಆ ಊರಿನವರು ನಾಳೆ ಟ್ರ್ಯಾಕ್ಟರ್ ಹೂಡಿಕೊಂಡು ಜಗಳಕ್ಕೆ ಬರುವ ಪೈಕಿ. ಹಳೇ ಊರು ನೀರಿನೊಳಗೆ ಹೋದ ಮೇಲೆ ಎಲ್ಲರೂ ಎದ್ದು ಬಂದು ಕಟ್ಟಿಕೊಂಡ ಹೊಸ ಊರಿದು. ಹಳೇ ಊರು ಮುಳುಗುವಾಗ ಹೊಳಬಸಪ್ಪನದೂ ಒಂದು ಕೈ ಇತ್ತು. ಅವನು ಇದ್ದದ್ದು ಮುಳುಗಡೆಯ ಸರ್ವೇ ಕಚೇರಿಯಲ್ಲಿ. ಸಾಹೇಬರು ದುರ್ಬೀನಿನಲ್ಲಿ ನೋಡಿ ಕೈ ತೋರಿಸಿದಲ್ಲಿ ಇವನು ಹೋಗಿ ಗೋಡೆಯ ಮೇಲೆ ಕೆಂಪು ಗೀಟು ಎಳೆಯಬೇಕು, ಗೀಟಿನ ಕೆಳಗೆ ಒಂದು ಬಾಣ ಬರೆಯಬೇಕು, ಪಕ್ಕದಲ್ಲಿ ನಂಬರು ಹಾಕಬೇಕು. ಗೀಟಿನ ಕೆಳಗಿನದೆಲ್ಲ ನೀರಿಗೆ, ಮೇಲಿನದು ದಡಕ್ಕೆ. ಎಷ್ಟು ಊರಿನ ಎಷ್ಟು ಗೋಡೆಗೆ ಅವನು ಗೀಟು ಎಳೆದಿದ್ದಾನೋ ಅವನಿಗೇ ಗೊತ್ತಿಲ್ಲ. ನಿವೃತ್ತನಾದ ದಿನ ಕಚೇರಿಯವರು ಶಾಲು ಹೊದಿಸಿದರು, ಹಾರ ಹಾಕಿದರು, ಮಾರನೇ ದಿನದಿಂದ ಅವನ ಕೈಗೆ ಕೆಲಸವಿರಲಿಲ್ಲ.

ಖಾಲಿ ಕೈಯವನ ಕೈಗೆ ಫೋನು ಬಂತು. ಫೋನಿನಲ್ಲಿ ಯಾರೋ ಪರದೇಶದವನು ಕಟ್ಟಿಗೆಯ ಚಕ್ಕೆಗಳನ್ನು ಒಂದಕ್ಕೊಂದು ಅಂಟಿಸಿ ಮೂರು ಕಂಬದ ಹಡಗು ಕಟ್ಟುತ್ತಿದ್ದ. ಹೊಳಬಸಪ್ಪ ಹುಟ್ಟಿ ಸಮುದ್ರ ಕಂಡವನಲ್ಲ. ಅವನು ಕಂಡ ದೊಡ್ಡ ನೀರೆಂದರೆ ಊರ ಮುಂದಿನ ಹಿನ್ನೀರೇ. ಆದರೂ ಆ ಹಡಗನ್ನು ನೋಡಿದ್ದೇ ಅವನಿಗೆ ಅನ್ನ ಸೇರಲಿಲ್ಲ. ಜಮಖಂಡಿಗೆ ಹೋಗಿ ಅದರ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ತೆಗೆಸಿಕೊಂಡು ಬಂದ. ರಬಕವಿಯಲ್ಲಿ ಹೆಂಡತಿಯ ತವರುಮನೆಯವರು ಕೈಮಗ್ಗ ಕಿತ್ತು ಅಟ್ಟಕ್ಕೆ ಹಾಕಿದ್ದರು. ಆ ಸಾಗವಾನಿ ಕಟ್ಟಿಗೆ, ಸವೆದ ಲಾಳಿಗಳು, ಗಟ್ಟಿ ನೂಲಿನ ಉಂಡೆ ಎಲ್ಲ ಚೀಲದಲ್ಲಿ ತುಂಬಿಕೊಂಡು ಬಂದ. ಕಟ್ಟಿಗೆಯನ್ನು ಉಗುರಿನಷ್ಟು ತೆಳ್ಳಗೆ ಸೀಳಿ, ಬಗ್ಗಲಿ ಅಂತ ಜಳಕದ ಹಂಡೆಯ ಬಿಸಿನೀರಿನಲ್ಲಿ ನೆನೆಸಿಟ್ಟ. ಅವನ ಹೆಂಡತಿ ಗುರುಬಸವ್ವ ಒಂದು ಚಳಿಗಾಲ ಪೂರಾ ತಣ್ಣೀರಿನಲ್ಲಿ ಜಳಕ ಮಾಡಿದಳು, ಪ್ರತಿ ತಂಬಿಗೆಗೂ ಒಂದೊಂದು ಬೈಗುಳ ಬೈದಳು. ಹಡಗಿನ ಕಂಬದಿಂದ ಕಂಬಕ್ಕೆ ಕಟ್ಟುವ ನೂಲಿಗೆ ನಾಲ್ಕುನೂರು ಗಂಟು ಬೇಕಾದವು. ಮಗ್ಗದ ಮೇಲೆ ಹರಿದ ಎಳೆಗೆ ನೇಕಾರರು ಹಾಕುವ ಕಣ್ಣಿಗೆ ಕಾಣದ ಗಂಟನ್ನು ಅವನು ಮಾವನ ಮನೆಯಲ್ಲಿ ಎಂಟು ದಿನ ಕೂತು ಕಲಿತು ಬಂದ. ಜೀವಮಾನದಲ್ಲಿ ಅವನು ಮಾಡಿದ್ದರಲ್ಲಿ ಇನ್ನೊಬ್ಬರ ಮನೆ ಕಳೆಯದಂಥ ಕೆಲಸ ಇದೊಂದೇ. ಅವನ ಸಿಟ್ಟಿಗೆ ಅದೂ ಒಂದು ಕಾರಣ.

ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಈಗ ಏನು ಮಾಡಿಕೊಂಡಿದ್ದೀರಿ ಅಂತ ಕೇಳಿದರೆ ಹಡಗು ಕಟ್ಟಾಕತ್ತೇನಿ ಅಂತ ಹೇಳಿ ಅಷ್ಟಕ್ಕೇ ಬಿಡುತ್ತಿದ್ದ. ಸಣ್ಣದು ಅಂತ ಒಂದು ಮಾತು ಸೇರಿಸಿದ್ದರೆ ಈ ಭಾನಗಡಿಯೇ ಆಗುತ್ತಿರಲಿಲ್ಲ. ಸೇರಿಸಲಿಲ್ಲ. ಏನು ಮಾಡುವುದು, ಮನುಷ್ಯನಿಗೆ ಒಂದಿಷ್ಟು ದೌಲತ್ತು ಇರುತ್ತದೆ.

ಆ ಸೋಮವಾರ ಹಡಗಿಗೆ ಬಣ್ಣ ಹಚ್ಚುವುದೊಂದೇ ಬಾಕಿಯಿತ್ತು. ಹಡಗಿಗೆ ಬಣ್ಣ ಹಚ್ಚುವ ಮೊದಲು ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಸುತ್ತಲೂ ಒಂದು ಗೀಟು ಎಳೆಯಬೇಕು. ಗೀಟಿನ ಕೆಳಗೆ ಕೆಂಪು, ಮೇಲೆ ಕಪ್ಪು. ಹಡಗಿನ ಮೈ ಬಾಗಿರುವುದರಿಂದ ಕಣ್ಣಳತೆ ನಡೆಯುವುದಿಲ್ಲ. ಎರಡು ಗೋಡೆ ಸಮ ಇದೆಯೋ ಇಲ್ಲವೋ ನೋಡಲು ಗೌಂಡಿಗಳು ನೀರು ತುಂಬಿದ ಒಂದು ಉದ್ದ ಪೈಪು ಹಿಡಿಯುತ್ತಾರಲ್ಲ, ಅದನ್ನು ಊರಿನ ಗೌಂಡಿಯಿಂದ ಕಡ ತಂದ. ಕಡ ತಂದ ಪೈಪನ್ನು ಒಮ್ಮೆಲೇ ಹಡಗಿಗೆ ಹಿಡಿಯಲು ಧೈರ್ಯವಾಗಲಿಲ್ಲ. ಮೊದಲು ಅಂಗಳದ ಗೋಡೆಯ ಮೇಲೆ ನೋಡೋಣ ಅಂತ ಈ ತುದಿಗೊಂದು ಗುರುತು, ಆ ತುದಿಗೊಂದು ಗುರುತು ಮಾಡಿ, ಕೆಮ್ಮಣ್ಣಿನಲ್ಲಿ ಅದ್ದಿದ ದಾರ ಎಳೆದು ಬಿಟ್ಟ. ಎದೆಮಟ್ಟಕ್ಕೆ, ಬಾಗಿಲಿನಿಂದ ಅಡಿಗೆಮನೆಯವರೆಗೆ, ಎಳ್ಳಷ್ಟೂ ಓರೆಯಿಲ್ಲದ ಕೆಂಪು ಗೀಟು ಮೂಡಿತು. ಅಷ್ಟಕ್ಕೆ ನಿಲ್ಲಬೇಕಿತ್ತು. ಆದರೆ ಮೂವತ್ತು ವರ್ಷದ ಕೈ ನಿಲ್ಲಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಗೀಟಿನ ಕೆಳಗೆ ಒಂದು ಬಾಣ ಬರೆಯಿತು, ಪಕ್ಕದಲ್ಲಿ ಒಂದು ನಂಬರನ್ನೂ ಹಾಕಿತು. ಹೊಳಬಸಪ್ಪ ಪೈಪು ತೆಗೆದುಕೊಂಡು ಒಳಗೆ ಹೋಗಿ, ಹಡಗಿನ ಮೈಮೇಲೆ ಅಂಥದೇ ಗೀಟು ಎಳೆದು ಬಣ್ಣ ಹಚ್ಚುತ್ತ ಕೂತ. ಗೋಡೆಯ ನೆನಪು ಅವನಿಗೆ ಉಳಿಯಲೇ ಇಲ್ಲ.

ಪಕ್ಕದ ಮನೆಯ ಮುದಕವ್ವ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದಳು. ಬಂದವಳು ಅಂಗಳದಲ್ಲೇ ನಿಂತಳು. ಗೀಟು ನೋಡಿದಳು, ಬಾಣ ನೋಡಿದಳು, ನಂಬರು ಓದಲು ಬಾರದಿದ್ದರೂ ಬೆರಳಿಟ್ಟು ಮುಟ್ಟಿ ನೋಡಿದಳು. ಹಳೇ ಊರಿನಲ್ಲಿ ಅವಳ ಮನೆಯ ಗೋಡೆಗೆ ಇದೇ ಹೊಳಬಸಪ್ಪ ಇಂಥದೇ ಗೀಟು ಎಳೆದಾಗ ಅವಳು ನಕ್ಕು, ಅದರ ಮೇಲೆ ಕ್ಯಾಲೆಂಡರು ತೂಗುಹಾಕಿದ್ದಳು. ಮೂರನೇ ವರ್ಷ ಹೊಳೆ ಬಂದು ಸರಿಯಾಗಿ ಆ ಗೀಟಿಗೇ ನಿಂತಿತು, ಒಂದು ಬೆರಳು ಮೇಲಿಲ್ಲ, ಒಂದು ಬೆರಳು ಕೆಳಗಿಲ್ಲ. ಅವತ್ತಿನಿಂದ ಮುದಕವ್ವ ದೇವರಿಗೆ ಹೆದರುವುದನ್ನು ಕಡಿಮೆ ಮಾಡಿ ಹೊಳಬಸಪ್ಪನಿಗೆ ಹೆದರುತ್ತಿದ್ದಳು. ಈಗ ಅವಳು ಮೊಸರನ್ನೂ ಕೇಳದೆ ಖಾಲಿ ಬಟ್ಟಲು ಹಿಡಿದು ಹಿಂದಕ್ಕೆ ಹೋದಳು.

ಅವಳು ಮನೆ ಮುಟ್ಟುವುದರೊಳಗೆ ಸುದ್ದಿ ಕೆಳಗಿನ ಓಣಿ ಮುಟ್ಟಿತ್ತು. ಸಂಜೆ ಪೈಪು ಇಸಿದುಕೊಂಡು ಹೊರಟ ಗೌಂಡಿಯನ್ನು ಜನ ದಾರಿಯಲ್ಲೇ ಹಿಡಿದು, ಹೊಳಬಸಪ್ಪನ ಗೋಡೆಯಿಂದ ತಮ್ಮ ತಮ್ಮ ಗೋಡೆಗೆ ಮಟ್ಟ ಹಿಡಿಸಿಕೊಂಡರು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಓಣಿಯ ಅರವತ್ತು ಮನೆಗೂ ಕೆಂಪು ಗೀಟು ಬಂದಿತ್ತು, ಒಂದೊಂದರ ಕೆಳಗೂ ಬಾಣವಿತ್ತು. ಒಂದು ಮನೆಯಲ್ಲಿ ಗೀಟು ದೇವರ ಜಗಲಿಯ ಮೇಲೆ ಹೋಯಿತು ಅಂತ ಹೆಣ್ಣುಮಕ್ಕಳು ಅತ್ತರು. ಇನ್ನೊಂದು ಮನೆಯವರು ಮಂಚದ ಕಾಲಿಗೆ ಇಟ್ಟಂಗಿ ಇಟ್ಟು ಎತ್ತರ ಮಾಡಿದರು. ಇದೆಲ್ಲ ಆಗುವಾಗ ಹೊಳಬಸಪ್ಪ ಹಡಗಿಗೆ ಎರಡನೇ ಸಲ ವಾರ್ನಿಶ್ ಹಚ್ಚುತ್ತಿದ್ದ.

ಮೊದಲು ಜಗಳಕ್ಕೆ ಬಂದವನು ಕಾಶಪ್ಪ. ಪಂಚಾಯತಿ ಮೆಂಬರು, ಮೇಲಿನ ಓಣಿಯ ದಿಬ್ಬದ ಮೇಲೆ ಹೋದ ವರ್ಷವಷ್ಟೇ ಹೊಸ ಮನೆ ಕಟ್ಟಿಸಿದವನು. ಮನೆ ಮುಳುಗುತ್ತದೆ ಅಂತ ಅವನ ಜಗಳವಲ್ಲ. ಮುಳುಗುವುದಿಲ್ಲ ಅಂತ ಜಗಳ. ಗೀಟು ಅವನ ಮನೆಯ ಕಟ್ಟೆಯ ಕೆಳಗೇ ಹಾದುಹೋಗಿತ್ತು.

“ಏ ಹೊಳಬಸಪ್ಪ, ಕೆಳಗಿನ ಓಣಿ ಪೂರಾ ಒಳಗ ತಗೊಂಡಿ. ನನ್ನ ಮನಿ ಯಾಕ ಬಿಟ್ಟಿ?” ಅಂದ. “ಊರೆಲ್ಲಾ ಎದ್ದು ಹೋದ ಮ್ಯಾಲ ನಾ ಒಬ್ಬಾಂವ ದಿಬ್ಬದ ಮ್ಯಾಲ ಕುಂತು ಕಪ್ಪೀ ಕೂಡ ಮಾತಾಡ್ಲೇನು? ಮೂರು ಫೂಟು ಮ್ಯಾಲ ಎಳಿ.”

ಹೊಳಬಸಪ್ಪನಿಗೆ ಮೊದಲು ಏನೂ ತಿಳಿಯಲಿಲ್ಲ. ಅಂಗಳಕ್ಕೆ ಬಂದು ತನ್ನ ಗೋಡೆಯನ್ನು ನೋಡಿದ ಮೇಲೆ ತಿಳಿಯಿತು. ತಿಳಿದಾಗ ನಕ್ಕುಬಿಟ್ಟಿದ್ದರೆ ಆಗುತ್ತಿತ್ತು, ಆದರೆ ಅವನ ಕೈಯಲ್ಲಿ ವಾರ್ನಿಶ್ ಒಣಗುತ್ತಿತ್ತು, ತಲೆಗೆ ಸಿಟ್ಟು ಏರಿತ್ತು. ತಾನು ಯಾರ ಮನೆಯನ್ನೂ ತೆಗೆದುಕೊಂಡಿಲ್ಲ, ಹಡಗಿನ ಸಲುವಾಗಿ ಪೈಪು ಸರಿ ಇದೆಯೋ ಇಲ್ಲವೋ ನೋಡಿದೆ ಅಷ್ಟೇ ಅಂತ ಒದರಿದ.

ಇದಕ್ಕಿಂತ ಕೆಟ್ಟ ಉತ್ತರವನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಅಂಗಳದಲ್ಲಿ ನೆರೆದವರು ಒಬ್ಬರ ಮುಖ ಒಬ್ಬರು ನೋಡಿದರು. ಎರಡು ವರ್ಷದಿಂದ ಈ ಮನುಷ್ಯ ಹಡಗು ಕಟ್ಟುತ್ತೇನೆ ಅಂತ ಹೇಳುತ್ತಲೇ ಇದ್ದ, ತಾವು ಮುದುಕನ ಹುಚ್ಚು ಅಂತ ಕೇಳಿ ಬಿಟ್ಟಿದ್ದರು. ಮುಳುಗಡೆಯ ಕಚೇರಿಯಲ್ಲಿ ಮೂವತ್ತು ವರ್ಷ ಇದ್ದವನು, ಎಲ್ಲ ಫೈಲು ಕಂಡವನು, ನಿವೃತ್ತನಾದ ಮಾರನೇ ದಿನದಿಂದ ಹಡಗು ಕಟ್ಟಲು ಕೂತಿದ್ದಾನೆ ಅಂದರೆ ಏನರ್ಥ? ಒಬ್ಬೊಬ್ಬರಾಗಿ ಪಡಸಾಲೆಗೆ ಹೋಗಿ ಹಡಗು ನೋಡಿ ಬಂದರು. ಎರಡು ಮೊಳ ಉದ್ದವಿತ್ತು. ಇದು ನಮೂನೆ ಮಾತ್ರ, ಖರೇ ಹಡಗನ್ನು ರಬಕವಿಯಲ್ಲಿ ಬೀಗರ ಹಿತ್ತಲಿನಲ್ಲಿ ಕಟ್ಟಿಸುತ್ತಿದ್ದಾನೆ ಅಂತ ತೀರ್ಮಾನವಾಯಿತು. ಅದರಲ್ಲಿ ಎಷ್ಟು ಮಂದಿ ಹಿಡಿಯುತ್ತಾರೆ ಅಂತ ಒಬ್ಬ ಕೇಳಿದ. ಒಂದು ಇರುವೆ ಹತ್ತಿದರೂ ಅದರ ಕಾಲು ಮುರಿಯುತ್ತೇನೆ ಅಂತ ಹೊಳಬಸಪ್ಪ ಹೇಳಿದ. ನಮ್ಮನ್ನು ಹತ್ತಿಸಿಕೊಳ್ಳುವುದಿಲ್ಲ ಅಂತ ಬಾಯಿಬಿಟ್ಟೇ ಹೇಳಿದನಲ್ಲ ಅಂತ ಜನ ಇನ್ನಷ್ಟು ಸಿಟ್ಟಾದರು.

ಇಷ್ಟಕ್ಕೂ ಒಂದೇ ಔಷಧವಿತ್ತು. ಅದು ಬರೀ ಆಟಿಗಿ ಸಾಮಾನು ಅಂತ ಅವನು ತನ್ನ ಬಾಯಿಂದ ಹೇಳಿದರೆ ಊರು ತಣ್ಣಗಾಗುತ್ತಿತ್ತು. ಗುರುಬಸವ್ವ ಒಲೆಯ ಮುಂದಿನಿಂದ ಅದನ್ನೇ ನಾಲ್ಕು ಸಲ ಹೇಳಿದಳು. ನಾಲ್ಕನೇ ಸಲಕ್ಕೆ ಹೊಳಬಸಪ್ಪ ಊಟದ ತಾಟು ದೂಡಿ ಎದ್ದುಹೋದ.

ಬುಧವಾರ ಬೆಳಿಗ್ಗೆ ಅವನು ಹಸಿ ಅರಿವೆ ಹಿಡಿದು ಗೀಟನ್ನು ಒರೆಸಿ ಬಿಡಲು ಅಂಗಳಕ್ಕೆ ಬಂದ. ಅದೇ ಹೊತ್ತಿಗೆ ಊರಿನ ಕಂದಾಯದ ಲೆಕ್ಕ ನೋಡುವ ತಲಾಟಿ ರಾಜಕುಮಾರ ಮೋಟರ್‌ಸೈಕಲ್ ನಿಲ್ಲಿಸಿ ಓಡಿಬಂದು ಅವನ ಕೈ ಹಿಡಿದ. ರಾಜಕುಮಾರ ಹೊಸದಾಗಿ ನೌಕರಿಗೆ ಬಂದ ತರುಣ, ಒಳ್ಳೆಯ ಮನುಷ್ಯ. ತನಗೆ ಹೇಳದೇ ಮೇಲಿನವರು ಸರ್ವೇ ಮಾಡಿಸಿಬಿಟ್ಟರೇನೋ ಅಂತ ಅವನಿಗೆ ರಾತ್ರಿ ಪೂರಾ ನಿದ್ದೆ ಬಂದಿರಲಿಲ್ಲ.

“ಒರಸಬ್ಯಾಡ್ರಿ ಕಾಕಾರ. ಸರ್ಕಾರಿ ಗುರ್ತ ಅದು.”

“ಸರ್ಕಾರಿ ಎಲ್ಲೀದು? ನಾನ ಎಳದೇನಿ ಅದನ್ನ.”

“ಅದಕ್ಕ ಹೇಳಾಕತ್ತೇನ್ರಿ. ಬ್ಯಾರೇದವ್ರು ಎಳದಿದ್ರ ಒರಸಬಹುದಿತ್ತು.”

ರಾಜಕುಮಾರ ಗೀಟಿನ ಫೋಟೊ ತೆಗೆದ. ಹೊಳಬಸಪ್ಪನನ್ನು ಗೀಟಿನ ಪಕ್ಕ ನಿಲ್ಲಿಸಿ ಇನ್ನೊಂದು ತೆಗೆದ. ತಾಲ್ಲೂಕಿಗೆ ಫೋನು ಹಚ್ಚಿ, ನಮ್ಮೂರಿಗೆ ಹೊಸ ಮುಳುಗಡೆ ಇದೆಯೇನು ಅಂತ ಕೇಳಿದ. ಇದೆ ಅಂತ ಅಲ್ಲಿ ಯಾರೂ ಹೇಳಲಿಲ್ಲ, ಏಕೆಂದರೆ ಇರಲಿಲ್ಲ. ಇಲ್ಲ ಅಂತಲೂ ಯಾರೂ ಹೇಳಲಿಲ್ಲ, ಏಕೆಂದರೆ ಇಲ್ಲ ಅನ್ನುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ. ನೋಡಿ ಹೇಳುತ್ತೇವೆ, ಅಲ್ಲಿಯವರೆಗೆ ಗುರುತು ಹಾಳಾಗದಂತೆ ನೋಡಿಕೊಳ್ಳಿ ಅಂದರು. ಈ ಮಾತು ಫೋನಿನ ಸ್ಪೀಕರಿನಲ್ಲಿ ಅಂಗಳಕ್ಕೆಲ್ಲ ಕೇಳಿಸಿತು. ಪಂಚಾಯತಿಯವರು ಅವತ್ತೇ ಗೀಟಿಗೆ ಮುಳ್ಳಿನ ಬೇಲಿ ಹಾಕಿದರು. ಗುರುಬಸವ್ವ ತನ್ನ ಅಡಿಗೆಮನೆಗೆ ಹೋಗಬೇಕಾದರೆ ಬೇಲಿ ಸುತ್ತಿ ಹೋಗಬೇಕಾಯಿತು.

ಗುರುವಾರ ಪಂಚಾಯತಿ ಮುಂದಿನ ಬೇವಿನ ಗಿಡದ ಕೆಳಗೆ ಊರು ನೆರೆಯಿತು. ರಾಜಕುಮಾರ ಒಂದು ದಾರಿ ಹುಡುಕಿಕೊಂಡು ಬಂದಿದ್ದ. ‘ನಾನು ಹವ್ಯಾಸಕ್ಕಾಗಿ ಕಟ್ಟಿಗೆಯ ಆಟಿಕೆ ಮಾಡಿದ್ದು, ಗೋಡೆಯ ಮೇಲಿನ ಗುರುತು ಸದರಿ ಆಟಿಕೆಗೆ ಸಂಬಂಧಪಟ್ಟಿದ್ದು, ಮುಳುಗಡೆಗೆ ಸಂಬಂಧ ಇರುವುದಿಲ್ಲ’ ಅಂತ ಬರೆದು ತಂದಿದ್ದ. ಒಂದು ಸಹಿ ಬಿದ್ದರೆ ಗೀಟೂ ಹೋಗುತ್ತಿತ್ತು, ಬೇಲಿಯೂ ಹೋಗುತ್ತಿತ್ತು. ಹೊಳಬಸಪ್ಪ ಪೆನ್ನು ತೆಗೆದುಕೊಂಡ. ಓದಿದ. ಇನ್ನೊಂದು ಸಲ ಓದಿದ. ಕಿವಿಯ ತುದಿಯವರೆಗೆ ಕೆಂಪಾದ.

“ತಲಾಟಿ ಸಾಹೇಬ್ರ, ಈ ಆಟಿಕಿ ಅನ್ನೂದನ್ನ ಹೊಡದ ಹಾಕ್ರಿ. ಉಳದದ್ದಕ್ಕ ಹತ್ತು ಸಹಿ ಮಾಡ್ತೇನಿ.”

ಅದನ್ನು ಹೊಡೆದುಹಾಕಿದರೆ ಕಾಗದದಲ್ಲಿ ಏನೂ ಉಳಿಯುವುದಿಲ್ಲ ಕಾಕಾರ ಅಂತ ರಾಜಕುಮಾರ ಕೈಮುಗಿದ. ಗುರುಬಸವ್ವ ಹೆಂಗಸರ ನಡುವಿನಿಂದ ಎದ್ದು ನಿಂತು, ಮೂವತ್ತು ವರ್ಷ ಮಂದಿಯ ಮನೆ ಮುಳುಗಿಸುವ ಕಾಗದಕ್ಕೆಲ್ಲ ಕಣ್ಣುಮುಚ್ಚಿ ಸಹಿ ಮಾಡಿದ ಗಂಡಸು ಈಗ ಒಂದು ಕಟ್ಟಿಗೆ ತುಂಡಿಗೆ ಮಾನ ಮರ್ಯಾದೆ ನೋಡುತ್ತಾನೆ ಅಂತ ಊರ ಮುಂದೆ ಬೈದಳು. ಕಾಶಪ್ಪನಿಗೆ ಇಷ್ಟು ಸಾಕಾಗಿತ್ತು. ಹಡಗು ಅಂದ ಮೇಲೆ ತೇಲಬೇಕು ಅಂತ ಅವನು ಒದರಿದ. ಹೊಳೆಗೆ ಬಿಡಲಿ. ತೇಲಿದರೆ ಹಡಗು. ಮುಳುಗಿದರೆ ಆಟಿಗಿ ಸಾಮಾನು, ಬಾಯಿಮುಚ್ಚಿ ಸಹಿ ಮಾಡಲಿ. ಕೆಳಗಿನ ಓಣಿಯವರೂ ಮೇಲಿನ ಓಣಿಯವರೂ ನಾಲ್ಕು ದಿನದಲ್ಲಿ ಮೊದಲ ಸಲ ಒಂದೇ ಮಾತಿಗೆ ಹೂಂ ಅಂದರು.

ಆ ಹಡಗನ್ನು ಹೊಳಬಸಪ್ಪ ನೋಡಲು ಕಟ್ಟಿದ್ದನೇ ಹೊರತು ನೀರಿಗೆ ಬಿಡಲು ಕಟ್ಟಿದ್ದಲ್ಲ. ಚಕ್ಕೆಗಳ ನಡುವೆ ಒಂದು ಕೂದಲಿನಷ್ಟು ಬಿರುಕಿದ್ದರೂ ಎರಡು ವರ್ಷ, ನಾಲ್ಕುನೂರು ಗಂಟು, ಎಲ್ಲ ಕೃಷ್ಣೆಯ ತಳಕ್ಕೆ ಹೋಗುತ್ತಿದ್ದವು. ಸಹಿ ಮಾಡಿದರೆ ಹಡಗು ಉಳಿಯುತ್ತದೆ, ಆದರೆ ಹಡಗಾಗಿ ಉಳಿಯುವುದಿಲ್ಲ. ಅವನು ಪೆನ್ನನ್ನು ಕಟ್ಟೆಯ ಮೇಲೆ ಒಗೆದು, ಮನೆಗೆ ಹೋಗಿ, ಹಡಗನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಳೆಯ ಕಡೆ ನಡೆದೇಬಿಟ್ಟ. ಹಿಂದೆ ಇಡೀ ಊರು ನಡೆಯಿತು.

ದಂಡೆಯಲ್ಲಿ ಮೊಣಕಾಲಷ್ಟು ನೀರಿಗೆ ಇಳಿದು ನಿಂತವನಿಗೆ ಕೈ ಬಿಡಲು ಮನಸ್ಸು ಬರಲಿಲ್ಲ. ಹಿಂದಿನಿಂದ ಯಾರೋ ಬಿಡೋ ಮಾರಾಯ ಅಂದರು. ಬಿಟ್ಟ. ಹಡಗು ಒಮ್ಮೆಲೇ ಎಡಕ್ಕೆ ವಾಲಿತು, ಕಂಬಗಳು ನೀರಿಗೆ ತಾಕುವಷ್ಟು ಬಾಗಿದವು, ದಂಡೆಯ ಮೇಲೆ ಜನ ಹೋ ಅಂತ ನಕ್ಕರು. ಹೊಳಬಸಪ್ಪ ಕಣ್ಣು ಮುಚ್ಚಿದ. ಮೇಜಿನ ಮೇಲೆ ಬೀಳದಂತೆ ಇರಲಿ ಅಂತ ಅದರ ಹೊಟ್ಟೆಯೊಳಗೆ ಮಗ್ಗದ ಹಳೇ ಕಬ್ಬಿಣದ ತುಂಡುಗಳನ್ನು ಕೂರಿಸಿದ್ದ. ಆ ಭಾರ ಈಗ ತನ್ನ ಕೆಲಸ ಮಾಡಿತು. ಹಡಗು ಮೆಲ್ಲಗೆ ಎದ್ದಿತು, ಒಂದೆರಡು ಸಲ ಆಚೆ ಈಚೆ ತೂಗಾಡಿ ನೆಟ್ಟಗೆ ನಿಂತಿತು. ಮೂರೂ ಕಂಬ ಸೆಟೆದು, ನೂಲೆಲ್ಲ ಬಿಗಿದು, ಗಾಳಿಗೆ ಸಣ್ಣಗೆ ಮುಂದಕ್ಕೆ ಸರಿಯಿತು. ಹೊಳಬಸಪ್ಪ ಕಣ್ಣು ತೆರೆದು ನೋಡಿದ. ಇಡೀ ಊರು ತನ್ನ ಹಡಗನ್ನು ನೋಡುತ್ತಿದೆ. ಇನ್ನು ಯಾರಾದರೂ ಆಟಿಗಿ ಅನ್ನಲಿ ನೋಡೋಣ ಅಂತ ಅವನು ಎದೆ ಮುಂದೆ ಮಾಡಿ ತಿರುಗಿದ.

ಯಾರೂ ಕಂಬವನ್ನು ನೋಡುತ್ತಿರಲಿಲ್ಲ. ನೂಲಿನ ಗಂಟನ್ನಂತೂ ಒಬ್ಬರೂ ನೋಡುತ್ತಿರಲಿಲ್ಲ. ಮುದಕವ್ವ ಕೋಲೂರಿಕೊಂಡು ನೀರಿನ ಅಂಚಿಗೆ ಬಂದು, ಬಗ್ಗಿ, ಹಡಗಿನ ಮೈಯನ್ನೇ ದಿಟ್ಟಿಸುತ್ತಿದ್ದಳು. ಕೆಳಗೆ ಕೆಂಪು, ಮೇಲೆ ಕಪ್ಪು. ನೀರು ಸರಿಯಾಗಿ ಎರಡೂ ಕೂಡುವಲ್ಲಿ ಬಂದು ನಿಂತಿತ್ತು.

“ನೋಡ್ರೆವಾ,” ಅಂದಳು ಮುದಕವ್ವ, ಹಿಂದೆ ನಿಂತವರಿಗೆ. “ಒಂದ ದಿನ, ಒಂದ ಪೈಪು, ಒಂದ ಕೈ. ಕಟ್ಟಿಗಿ ಮ್ಯಾಲ ಒಂದು ಗೀಟು ಎಳದ, ಗ್ವಾಡಿ ಮ್ಯಾಲ ಒಂದು ಎಳದ. ಇದು ಖರೆ ಆತು.”

ಅಷ್ಟೇ ಸಾಕಾಯಿತು. ಮೊದಲು ಒಬ್ಬಳು ಹೆಂಗಸು ಸೆರಗು ಬಿಗಿದು ಊರ ಕಡೆ ಓಡಿದಳು. ಅವಳ ಹಿಂದೆ ಕೆಳಗಿನ ಓಣಿ ಪೂರಾ ಓಡಿತು. ಕಾಶಪ್ಪ ತಲೆಗೆ ಕೈಹಚ್ಚಿ, ತನ್ನ ಮನೆಯೊಂದೇ ಉಳಿಯುವುದು ಖಾತ್ರಿಯಾಯಿತು ಅಂತ ಹೊಳಬಸಪ್ಪನ ವಂಶಕ್ಕೆಲ್ಲ ಬೈಯುತ್ತ ಓಡಿದ. ರಾಜಕುಮಾರ ಸಹಿಯಿಲ್ಲದ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು, ತಾನಿರುವ ಬಾಡಿಗೆ ಮನೆಯೂ ಕೆಳಗಿನ ಓಣಿಯಲ್ಲೇ ಇರುವುದು ನೆನಪಾಗಿ ಮೋಟರ್‌ಸೈಕಲ್ ಹತ್ತಿದ. ಹೊಳಬಸಪ್ಪ ನೀರಿನಲ್ಲಿ ನಿಂತೇ ಕೂಗಿದ. ಅದು ಬರೀ ಪೈಪಿನ ಗೀಟು, ಅದಕ್ಕೆ ಏನೂ ಅರ್ಥವಿಲ್ಲ, ಹಡಗು ನೋಡ್ರಿ ಹಡಗು ಅಂತ ಗಂಟಲು ಹರಿಯುವಂತೆ ಕೂಗಿದ. ಕೊನೆಗೆ, ಜೀವಮಾನದಲ್ಲಿ ಅನ್ನಬಾರದು ಅಂದುಕೊಂಡದ್ದನ್ನೂ ಅಂದ. ಆಟಿಗಿ ಸಾಮಾನು ಅದು, ಕೇಳ್ರಿ, ಆಟಿಗಿ ಸಾಮಾನು ಅಂದ. ಕೇಳಲು ದಂಡೆಯ ಮೇಲೆ ಎರಡು ಎಮ್ಮೆ ಬಿಟ್ಟರೆ ಯಾರೂ ಉಳಿದಿರಲಿಲ್ಲ.

ಹಡಗನ್ನು ಎತ್ತಿಕೊಂಡು, ಒದ್ದೆ ಧೋತರದಲ್ಲಿ, ಕಂಡಕಂಡವರನ್ನೆಲ್ಲ ಬೈಯುತ್ತ ಅವನು ಮನೆಗೆ ಬಂದ. ದಾರಿಯುದ್ದಕ್ಕೂ ಜನ ಹಾಸಿಗೆ, ತಿಜೋರಿ, ಜೋಳದ ಚೀಲ ಹೊರಗೆ ತರುತ್ತಿದ್ದರು. ಇಂಥ ಮಬ್ಬ ಮಂದಿಯ ನಡುವೆ ಹಡಗು ಕಟ್ಟಿದ್ದೇ ತನ್ನ ತಪ್ಪು, ಮನೆಯಲ್ಲಾದರೂ ಒಬ್ಬಳು ಬುದ್ಧಿ ಇದ್ದವಳು ಇದ್ದಾಳೆ ಅಂದುಕೊಂಡು ಬೇಲಿ ದಾಟಿ ಒಳಗೆ ಹೋದ. ಗುರುಬಸವ್ವ ಪಡಸಾಲೆಯಲ್ಲಿ ಕೂತು, ಹಿತ್ತಾಳೆಯ ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು.

ಅವನ ಸಿಟ್ಟು ನೆತ್ತಿಗೇರಿತು. ಆ ಗೀಟು ಎಳೆದವನು ನಾನು, ಅದರಲ್ಲಿ ಏನೂ ಇಲ್ಲ ಅಂತ ಹೇಳುತ್ತಿರುವವನೂ ನಾನೇ, ಕಟ್ಟಿಕೊಂಡ ಹೆಂಡತಿಯೇ ನಂಬುವುದಿಲ್ಲ ಅಂದರೆ ಯಾರು ನಂಬಬೇಕು ಅಂತ ಮನೆ ನಡುಗುವಂತೆ ಒದರಿದ.

ಗುರುಬಸವ್ವ ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ.

“ಹಳೇ ಊರಾಗೂ ಹಿಂಗ ಅಂದಿದ್ರಿ,” ಅಂದಳು. “ನಾ ಬರೇ ಗೀಟು ಎಳಿಯಾಂವ, ನೀರು ಏನ ಬರೂದಿಲ್ಲ ಅಂದಿದ್ರಿ. ನಿಮ್ಮ ಮಾತ ಕೇಳಿ ಸುಮ್ನ ಕುಂತೆ. ನಮ್ಮವ್ವ ಕೊಟ್ಟ ಹಂಡೇನೂ ಹೋತು, ತೊಟ್ಟಲಾನೂ ಹೋತು.”

ಹೆಂಡತಿ ಎದ್ದು ಗಂಟನ್ನು ಹೊತ್ತು ಹಿತ್ತಲಿಗೆ ಹೋದಳು. ಪಡಸಾಲೆಯಲ್ಲಿ ಹೊಳಬಸಪ್ಪನೊಬ್ಬನೇ ಉಳಿದ. ತಲೆಬಾಗಿಲಿನಿಂದ ಅಂಗಳದ ಗೋಡೆ ಕಾಣುತ್ತಿತ್ತು, ಗೋಡೆಯ ಮೇಲೆ ಗೀಟು ಕಾಣುತ್ತಿತ್ತು. ಎಲ್ಲಾ ಹುಚ್ಚು, ಎಲ್ಲಾ ಹುಚ್ಚು ಅಂತ ಗೊಣಗುತ್ತ ಹಡಗನ್ನು ಅದರ ಮೇಜಿನ ಮೇಲೆ ಇಟ್ಟ. ಇಟ್ಟು ಗೀಟಿನ ಕಡೆ ಇನ್ನೊಂದು ಸಲ ನೋಡಿದ. ಮೇಜು ಸೊಂಟದಷ್ಟು ಎತ್ತರವಿತ್ತು, ಗೀಟು ಎದೆಯಷ್ಟು. ಬಾಗಿಲ ಹೊರಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಿಚ್ಚಣಿಕೆ ತಂದು, ಇಡೀ ಊರಿಗೆ ಶಾಪ ಹಾಕುತ್ತ ಹಡಗನ್ನು ಅಟ್ಟಕ್ಕೆ ಏರಿಸಿದ.